ಗುರುವಿಲ್ಲದ ಹೊತ್ತಿಗೂ ಒಂದು ಪಾಠ: ಪುರಂದರದಾಸರ ಬದುಕು

ಕರ್ನಾಟಕ ಸಂಗೀತ ಕಲಿಯಲು ಕುಳಿತ ಮಗು ವೀಣೆ ಹಿಡಿಯಲಿ, ಪಿಟೀಲು ಹಿಡಿಯಲಿ, ಮೊದಲು ಕಲಿಯುವುದು ಸರಳೆ ವರಸೆ. ಆಮೇಲೆ ಜಂಟಿ ವರಸೆ, ದಾಟು ವರಸೆ, ಅಲಂಕಾರ, ಗೀತೆ. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂಬುದು ಸಂಗೀತ ಪರಂಪರೆಯ ಮಾತು. ಅದಕ್ಕಾಗಿಯೇ ಅವರನ್ನು ಕರ್ನಾಟಕ ಸಂಗೀತ ಪಿತಾಮಹ ಎಂದು ಗೌರವಿಸುತ್ತೇವೆ. ದಾಸರನ್ನು ಭಕ್ತರಾಗಿ, ಕವಿಯಾಗಿ ಕಂಡು ಬರೆದವರು ಬಹಳ ಮಂದಿ. ಬಿ.ಇಡಿ. ಪ್ರಶಿಕ್ಷಣಾರ್ಥಿಯಾದ ನಾನು ಅವರನ್ನು ಪಾಠ ಯೋಜನೆ ಮಾಡಿದ ಶಿಕ್ಷಕರಾಗಿ ನೋಡಲು ಇಲ್ಲಿ ಪ್ರಯತ್ನಿಸಿದ್ದೇನೆ. ಬೋಧನಾಭ್ಯಾಸದ ಅವಧಿಯಲ್ಲಿ ಎದುರಾದ ಒಂದು ಪ್ರಶ್ನೆ ಇದಕ್ಕೆ ಕಾರಣ. ವಾರಕ್ಕೆ ಒಂದೋ ಎರಡೋ ದಿನ ಸಂಗೀತ ಪಾಠಕ್ಕೆ ಹೋಗುವ ಮಗು ಉಳಿದ ದಿನಗಳಲ್ಲಿ ಮನೆಯಲ್ಲಿ ಹೇಗೆ ಅಭ್ಯಾಸ ಮಾಡಬೇಕು?

ದಾಸರ ಕಾಲ ಸುಮಾರು 1484ರಿಂದ 1564. ಅವರ ಹುಟ್ಟೂರು ಮಹಾರಾಷ್ಟ್ರದ ಪುರಂದರಗಡವೆಂದು ಕೆಲವರೂ ತೀರ್ಥಹಳ್ಳಿ ತಾಲ್ಲೂಕಿನ ಆರಗವೆಂದು ಕೆಲವರೂ ಹೇಳುತ್ತಾರೆ. ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ಒಡವೆ ಒತ್ತೆ ಇಟ್ಟುಕೊಂಡು ಸಾಲ ಕೊಡುವುದು, ಚಿನ್ನ ರತ್ನಗಳ ವ್ಯಾಪಾರ ಮಾಡುವುದು ಮನೆತನದ ಕಸುಬು. ಜನ ಅವರನ್ನು ನವಕೋಟಿ ನಾರಾಯಣ ಎಂದು ಕರೆಯುವಷ್ಟು ಸಿರಿವಂತಿಕೆ, ಅದಕ್ಕೆ ತಕ್ಕ ಜಿಪುಣತನ ಎರಡೂ ಇದ್ದವಂತೆ.

ಮೂಗುತಿಯ ಕಥೆ ನಮಗೆಲ್ಲ ಪ್ರಾಥಮಿಕ ಶಾಲೆಯಿಂದಲೇ ಗೊತ್ತು. ಮಗನ ಉಪನಯನಕ್ಕೆಂದು ಹಣ ಬೇಡಿ ಬಂದ ಬಡ ಬ್ರಾಹ್ಮಣನನ್ನು ನಾಯಕರು ದಿನವೂ ಅಲೆಸುತ್ತಾರೆ. ಹೆಂಡತಿ ಸರಸ್ವತಿಬಾಯಿ ಮರುಗಿ ತನ್ನ ಮೂಗುತಿಯನ್ನೇ ಬಿಚ್ಚಿ ಕೊಡುತ್ತಾಳೆ. ಆತ ಅದನ್ನು ಮಾರಲು ನಾಯಕರ ಅಂಗಡಿಗೇ ತರುತ್ತಾನೆ. ನಾಯಕರು ಮೂಗುತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು ಕೇಳಿದರೆ, ಅದೇ ಮೂಗುತಿ ಹೆಂಡತಿಯ ಕೈಯಲ್ಲಿರುತ್ತದೆ. ಅಂಗಡಿಗೆ ಓಡಿ ನೋಡಿದಾಗ ಪೆಟ್ಟಿಗೆ ಖಾಲಿ. ಇದು ಐತಿಹ್ಯ. ಆದರೆ ಆಸ್ತಿಯನ್ನೆಲ್ಲ ದಾನ ಮಾಡಿ, ಹೆಂಡತಿ ಮಕ್ಕಳೊಂದಿಗೆ ಮನೆ ಬಿಟ್ಟು ಹೊರಟ ವ್ಯಾಪಾರಿಯೊಬ್ಬರು ವಿಜಯನಗರಕ್ಕೆ ಬಂದು ವ್ಯಾಸರಾಯರ ಶಿಷ್ಯರಾದರು ಎಂಬ ಮಾತು ಎಲ್ಲ ಕಥನಗಳಲ್ಲೂ ಇದೆ. ಗುರುಗಳಿಂದ ಪುರಂದರ ವಿಠಲ ಎಂಬ ಅಂಕಿತ ದೊರೆತ ಮೇಲೆ ಅವರು ಪುರಂದರದಾಸರಾದರು.

ಅಲ್ಲಿಂದ ಮುಂದಿನ ಬದುಕು ಮಧುಕರ ವೃತ್ತಿಯದು. ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಹಿಡಿದು, ಮನೆ ಮನೆಯ ಮುಂದೆ ಹಾಡಿ, ಬಂದ ಅಕ್ಕಿಯಲ್ಲಿ ಅಂದಿನ ಊಟ ಮಾಡುವುದು. ಶಿಕ್ಷಕರ ಕಣ್ಣಿನಿಂದ ಈ ದಿನಚರಿಯನ್ನು ಸ್ವಲ್ಪ ಗಮನಿಸಬೇಕು. ದಾಸರ ತರಗತಿ ಬೀದಿ. ಅವರು ಒಂದು ಮನೆಯ ಮುಂದೆ ನಿಲ್ಲುತ್ತಿದ್ದುದು ಕೆಲವೇ ನಿಮಿಷ. ಹೇಳಿಕೊಟ್ಟದ್ದನ್ನು ತಿದ್ದಲು ಅವರು ಅಲ್ಲೇ ಉಳಿಯುತ್ತಿರಲಿಲ್ಲ. ಹಾಗಾಗಿ ಅವರು ಹೊರಟುಹೋದ ಮೇಲೂ ಹಾಡು ಆ ಮನೆಯಲ್ಲಿ ನಿಲ್ಲಬೇಕಿತ್ತು. ಕೊಟ್ಟಿಗೆ, ಅಡುಗೆಮನೆ, ಸಂತೆಯ ಕನ್ನಡದಲ್ಲಿ, ಪಲ್ಲವಿ ಮತ್ತೆ ಮತ್ತೆ ಬರುವ ಹಾಗೆ ಅವರು ಪದ ಕಟ್ಟಿದ್ದರಿಂದ ಅದು ನಿಂತಿತು. ಗುರು ಎದುರಿಗಿಲ್ಲದ ಹೊತ್ತಿನಲ್ಲಿ ಕಲಿಕೆ ಹೇಗೆ ಉಳಿಯುತ್ತದೆ ಎಂಬುದನ್ನು ಅವರು ದಿನವೂ ನೋಡುತ್ತಿದ್ದರು.

ಸರಳೆ ವರಸೆಯಲ್ಲಿ ನನಗೆ ಕಾಣುವುದೂ ಇದೇ ಎಚ್ಚರ. ಈ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಹೇಳಿಕೊಡುತ್ತಾರೆ. ನನ್ನ ವಿಷಯ ಭೌತಶಾಸ್ತ್ರ ಮತ್ತು ಗಣಿತವಾದ್ದರಿಂದ ಈ ರಾಗದ ಅಂತರಗಳನ್ನು ಲೆಕ್ಕ ಹಾಕಿ ನೋಡಿದೆ. ಒಂದು ಸ್ಥಾಯಿಯಲ್ಲಿ ವೀಣೆಗೆ 12 ಮೆಟ್ಟಿಲು. ಬಿಟ್ಟ ತಂತಿ ಸ ಆದರೆ, ರಿ 1ನೇ ಮೆಟ್ಟಿಲಿನಲ್ಲಿ, ಗ 4ರಲ್ಲಿ, ಮ 5ರಲ್ಲಿ, ಪ 7ರಲ್ಲಿ, ಧ 8ರಲ್ಲಿ, ನಿ 11ರಲ್ಲಿ, ಮೇಲಿನ ಸ 12ರಲ್ಲಿ ಬರುತ್ತದೆ. ಅಂದರೆ ಸ ರಿ ಗ ಮ ನಡುವಿನ ಅಂತರಗಳು 1, 3, 1. ಪ ಧ ನಿ ಸ ನಡುವಿನವೂ 1, 3, 1. ಮೊದಲರ್ಧ ಕಲಿತ ಕೈ ಅದೇ ಅಳತೆಯಲ್ಲಿ ಎರಡನೆಯ ಅರ್ಧವನ್ನು ನುಡಿಸಬಹುದು. ತಿಳಿದದ್ದರಿಂದ ತಿಳಿಯದಿದ್ದುದಕ್ಕೆ ಎಂದು ನಾವು ಬೋಧನಾ ಸೂತ್ರಗಳಲ್ಲಿ ಓದುವುದು ಇಲ್ಲಿ ಮಗುವಿನ ಬೆರಳಿನಲ್ಲೇ ಇದೆ. ವೀಣೆಯ ಪಕ್ಕದ ತಾಳದ ತಂತಿಗಳು ಸ, ಪ, ಮೇಲಿನ ಸ ಎಂದು ಶ್ರುತಿಯಾಗಿರುತ್ತವೆ. ತಾನು ನುಡಿಸಿದ ಪ ಸರಿಯೇ ಎಂದು ಕೇಳಲು ಮಗು ಗುರುಗಳ ಮನೆಗೆ ಹೋಗಬೇಕಿಲ್ಲ, ಪಕ್ಕದ ತಂತಿ ಮೀಟಿದರೆ ಸಾಕು.

ಎರಡನೆಯ ಪರೀಕ್ಷೆ ತಾಳದ್ದು. ಮೊದಲ ಸರಳೆಯಲ್ಲಿ ಏರುವ ಎಂಟು ಸ್ವರ, ಇಳಿಯುವ ಎಂಟು ಸ್ವರ. ಆದಿತಾಳಕ್ಕೆ ಎಂಟು ಎಣಿಕೆ. ಮೊದಲನೆಯ ಕಾಲದಲ್ಲಿ ಏರಲು ಒಂದು ಆವರ್ತ, ಇಳಿಯಲು ಒಂದು ಆವರ್ತ. ಎರಡನೆಯ ಕಾಲದಲ್ಲಿ ಏರಿಳಿತ ಎರಡೂ ಒಂದೇ ಆವರ್ತದಲ್ಲಿ ಮುಗಿಯುತ್ತವೆ. ಮೂರನೆಯ ಕಾಲದಲ್ಲಿ ಒಂದೇ ಆವರ್ತಕ್ಕೆ ಪೂರ್ತಿ ಸರಳೆ ಎರಡು ಸಲ ಬರುತ್ತದೆ. ಎಲ್ಲಿಯಾದರೂ ಓಡಿದರೆ ಅಥವಾ ಎಳೆದರೆ ಕೊನೆಯಲ್ಲಿ ಸ್ವರವೂ ತಾಳವೂ ಕೂಡುವುದಿಲ್ಲ. ಮುಂದೆ ಅಲಂಕಾರಗಳಲ್ಲಿ ಧ್ರುವಕ್ಕೆ 14, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4 ಎಂದು ಎಣಿಕೆ ಬದಲಾದರೂ ಪರೀಕ್ಷೆಯ ರೀತಿ ಅದೇ. ಉತ್ತರವನ್ನು ತಾನೇ ತಾಳೆ ನೋಡಿಕೊಳ್ಳಬಹುದಾದ ಲೆಕ್ಕ ಇದು.

ಇದು ಮನೆಯಲ್ಲಿ ಹೇಗೆ ನಡೆಯುತ್ತದೆ ಎಂದು ನೋಡುವ ಅವಕಾಶ ನನಗೆ ದೊಡ್ಡಬಳ್ಳಾಪುರದಲ್ಲಿ ಸಿಕ್ಕಿತು. ನಾನು ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯ ಏಳನೆಯ ತರಗತಿಯ ಹುಡುಗಿಯೊಬ್ಬಳು ವೀಣೆ ಕಲಿಯುತ್ತಿದ್ದಳು. ಮನೆಯಲ್ಲಿ ಎರಡು ಪವರ್‌ಲೂಮ್. ಮಗ್ಗ ಓಡುವಾಗ ಪಕ್ಕದಲ್ಲಿ ಕುಳಿತವರ ಮಾತೇ ಕೇಳಿಸದು, ಇನ್ನು ವೀಣೆಯ ನಾದ ಎಲ್ಲಿ ಕೇಳಬೇಕು? ದಿನಕ್ಕೆ ಒಂದು ಗಂಟೆ ಅಭ್ಯಾಸ ಮಾಡಬೇಕೆಂದು ಪಾಠದಲ್ಲಿ ಹೇಳಿದ್ದರು. ಆ ಒಂದು ಗಂಟೆ ಮನೆಯಲ್ಲಿ ಸಿಗುತ್ತಲೇ ಇರಲಿಲ್ಲ. ತಮಗೆ ಸಂಗೀತ ಬರುವುದಿಲ್ಲ, ಮಗಳು ಸರಿಯಾಗಿ ನುಡಿಸುತ್ತಾಳೋ ಇಲ್ಲವೋ ತಿಳಿಯುವುದಿಲ್ಲ, ವೀಣೆ ಬಿಡಿಸಿಬಿಡೋಣವೇ ಎಂದು ಆಕೆಯ ತಾಯಿ ನನ್ನನ್ನು ಕೇಳಿದರು.

ಮಗ್ಗ ನಿಲ್ಲುವ ಹೊತ್ತುಗಳನ್ನು ನಾವು ಮೂವರೂ ಕೂತು ಪಟ್ಟಿ ಮಾಡಿದೆವು. ಬೆಳಗ್ಗೆ ಮಗ್ಗ ಹಾಕುವ ಮುಂಚೆ ಇಪ್ಪತ್ತು ನಿಮಿಷ, ಮಧ್ಯೆ ಕರೆಂಟು ಹೋದಾಗ ಸಿಕ್ಕಷ್ಟು. ಬೆಳಗಿನ ಹೊತ್ತಿಗೆ ಒಂದೇ ವರಸೆ, ಮೊದಲನೆಯ ಕಾಲದಲ್ಲಿ. ತಾಯಿಯ ಕೆಲಸ ಎದುರು ಕೂತು ತಾಳ ಹಾಕುವುದು ಮಾತ್ರ: ಒಂದು ಪೆಟ್ಟು, ಮೂರು ಬೆರಳೆಣಿಕೆ, ಆಮೇಲೆ ಪೆಟ್ಟು ಬೀಸು, ಪೆಟ್ಟು ಬೀಸು. ಎಳೆ ಎಣಿಸಿ ಅಭ್ಯಾಸವಿದ್ದ ಅವರಿಗೆ ಎಂಟು ಎಣಿಸುವುದು ಕಷ್ಟವಾಗಲಿಲ್ಲ. ಕೊನೆಯಲ್ಲಿ ಇಬ್ಬರೂ ಒಟ್ಟಿಗೆ ಮುಗಿಸಿದರೆ ಸರಿ. ಮುಗಿಯದಿದ್ದರೆ ಎಲ್ಲಿ ತಪ್ಪಿತೆಂದು ಹುಡುಗಿಯೇ ಹುಡುಕಿ, ಆ ಎರಡು ಸ್ವರಗಳನ್ನಷ್ಟೇ ನಾಲ್ಕು ಸಲ ನುಡಿಸಿ, ಮತ್ತೆ ಮೊದಲಿನಿಂದ ಬರಬೇಕು. ಎರಡೇ ವಾರದಲ್ಲಿ ವೀಣೆ ಬಿಡಿಸುವ ಮಾತು ನಿಂತಿತು. ನಾನು ಆ ಶಾಲೆಯಿಂದ ಹೊರಡುವ ಹೊತ್ತಿಗೆ ಆಕೆ ಜಂಟಿ ವರಸೆಗೆ ಬಂದಿದ್ದಳು.

ದಾಸರು ರಚಿಸಿದ ಪದಗಳ ಸಂಖ್ಯೆ ನಾಲ್ಕು ಲಕ್ಷ ಎಪ್ಪತ್ತೈದು ಸಾವಿರವೆಂದು ಪರಂಪರೆ ಹೇಳುತ್ತದೆ. ನಮ್ಮ ಕೈಗೆ ಬಂದಿರುವುದು ಅದರಲ್ಲಿ ಸಣ್ಣ ಪಾಲು. ಮಕ್ಕಳಿಗೆಂದು ಮಲಹರಿ ರಾಗದಲ್ಲಿ ಅವರು ಮಾಡಿದ ಪಿಳ್ಳಾರಿ ಗೀತೆಗಳು ಮಾತ್ರ ಇಂದಿಗೂ ಪ್ರತಿ ಸಂಗೀತ ಶಾಲೆಯಲ್ಲಿ ಕೇಳಿಬರುತ್ತವೆ. ಮಲಹರಿ ಮಾಯಾಮಾಳವಗೌಳದಿಂದಲೇ ಹುಟ್ಟಿದ ರಾಗ. ವರಸೆಗಳಲ್ಲಿ ಪಳಗಿದ ಬೆರಳಿಗೆ ಮೊದಲ ಹಾಡೂ ಪರಿಚಿತ ಜಾಗದಲ್ಲೇ ಸಿಗುತ್ತದೆ. ಕೊನೆಯ ದಿನಗಳನ್ನು ದಾಸರು ಹಂಪೆಯಲ್ಲಿ ಕಳೆದರು. ತುಂಗಭದ್ರೆಯ ದಂಡೆಯ ಪುರಂದರ ಮಂಟಪ ಅವರ ಹೆಸರಿನಲ್ಲಿದೆ. ಪುಷ್ಯ ಬಹುಳ ಅಮಾವಾಸ್ಯೆ ಅವರ ಆರಾಧನೆಯ ದಿನ.

ಅವರು ತೀರಿಕೊಂಡು ಇನ್ನೂರು ವರ್ಷ ದಾಟಿದ ಮೇಲೆ ತಮಿಳುನಾಡಿನ ತಿರುವಾರೂರಿನಲ್ಲಿ ಹುಟ್ಟಿದ ತ್ಯಾಗರಾಜರು ಬಾಲ್ಯದಲ್ಲಿ ತಾಯಿಯ ಬಾಯಲ್ಲಿ ದಾಸರ ಪದಗಳನ್ನು ಕೇಳಿ ಬೆಳೆದರೆಂದು ಹೇಳುತ್ತಾರೆ. ಮುಂದೆ ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ಅವರು ಪುರಂದರದಾಸರನ್ನು ಸ್ಮರಿಸಿದ್ದಾರೆ. ಬೀದಿಯಲ್ಲಿ ಹಾಡಿದ ಪಾಠ ಕಾಲ ದೇಶಗಳನ್ನು ದಾಟಿ ಒಂದು ಮನೆಯೊಳಗೆ ಮುಂದುವರಿದ ಬಗೆ ಇದು.

ನಮ್ಮ ಪಾಠ ಯೋಜನೆಯ ಕಟ್ಟಕಡೆಯ ಅಂಕಣ ಗೃಹಪಾಠದ್ದು. ಅಲ್ಲಿ ನಾವು ಸಾಮಾನ್ಯವಾಗಿ ಎಷ್ಟು ಮಾಡಬೇಕು ಎಂದು ಬರೆಯುತ್ತೇವೆ. ಮಾಡಿದ್ದು ಸರಿಯೋ ತಪ್ಪೋ ಎಂದು ಮಗು ಒಂಟಿಯಾಗಿ ಹೇಗೆ ತಿಳಿಯಬೇಕು ಎಂಬುದನ್ನು ಅದರ ಪಕ್ಕದಲ್ಲಿ ಇನ್ನೊಂದು ಸಾಲಾಗಿ ಬರೆದರೆ ಸಂಗೀತಕ್ಕೆ ಮಾತ್ರವಲ್ಲ, ನಾವು ಕಲಿಸುವ ಗಣಿತ, ವಿಜ್ಞಾನಕ್ಕೂ ಅದು ಒದಗುತ್ತದೆ. ದಾಸರ ಬದುಕಿನಿಂದ ಪ್ರಶಿಕ್ಷಣಾರ್ಥಿಗಳಾದ ನಾವು ತೆಗೆದುಕೊಳ್ಳಬಹುದಾದ ಪಾಠ ಇದು ಎಂದು ನಾನು ಭಾವಿಸಿದ್ದೇನೆ.