ಉಂಗುರ ಬರುತ್ತೆ, ಕುಂಬಳಕಾಯಿ ಯಾಕೆ ಬರಲ್ಲ? ಪವಾಡವನ್ನು ಪರೀಕ್ಷೆಗೆ ಕರೆದ ಎಚ್. ನರಸಿಂಹಯ್ಯ

ಗಾಳಿಯಲ್ಲಿ ಕೈಯಾಡಿಸಿ ವಿಭೂತಿ ತೆಗೆಯುವುದು, ಮುಟ್ಟದೆಯೇ ಬೆಂಕಿ ಹೊತ್ತಿಸುವುದು, ದೂರದಲ್ಲಿ ನಿಂತೇ ಎದುರಾಳಿಯನ್ನು ಕೆಡವುವುದು. ಇಂಥ ವಿಡಿಯೋಗಳು ನಮ್ಮೆಲ್ಲರ ವಾಟ್ಸ್‌ಆ್ಯಪ್‌ಗೂ ಬರುತ್ತವೆ. ವಿಜ್ಞಾನಿಗಳೇ ಬೆರಗಾದರು ಎಂಬ ಸಾಲೂ ಜೊತೆಗಿರುತ್ತದೆ. ಆದರೆ ಒಬ್ಬ ವಿಜ್ಞಾನಿ ನಿಜವಾಗಿ ಎದುರು ನಿಂತು, ಬನ್ನಿ ಪರೀಕ್ಷೆ ಮಾಡೋಣ ಎಂದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1976ರಲ್ಲಿ ಬೆಂಗಳೂರಿನಲ್ಲೇ ಅದು ನಡೆದಿದೆ.

ಕಥೆಯ ಶಕ್ತಿಗೂ ಮಿತಿ ಇದೆ

ಸೈನ್ಸ್ ಫಿಕ್ಷನ್ ಕಾದಾಟಗಳನ್ನು ಗಮನಿಸಿ. ಸೂಪರ್‌ಮ್ಯಾನ್ ಎಷ್ಟೇ ಬಲಶಾಲಿಯಾದರೂ ಕ್ರಿಪ್ಟೊನೈಟ್ ಎದುರು ಸೋಲುತ್ತಾನೆ. ನಮ್ಮ ಪುರಾಣದಲ್ಲೂ ಹಾಗೆಯೇ. ಭಸ್ಮಾಸುರ ಯಾರ ತಲೆಯ ಮೇಲೆ ಕೈ ಇಟ್ಟರೂ ಅವರು ಬೂದಿ. ಆ ನಿಯಮ ಅವನ ತಲೆಗೂ ಅನ್ವಯಿಸುತ್ತದೆ ಎಂಬುದನ್ನು ಬಳಸಿಕೊಂಡೇ ಮೋಹಿನಿ ಗೆದ್ದಳು. ಶಕ್ತಿ ಏನು, ಅದರ ಮಿತಿ ಏನು ಎಂಬುದು ಕಾದಾಟಕ್ಕೆ ಮೊದಲೇ ಗೊತ್ತಿರುತ್ತದೆ.

ನಿಜ ಜೀವನದ ಪವಾಡಗಳಲ್ಲಿ ಇದು ಉಲ್ಟಾ. ಪರೀಕ್ಷೆ ಎಂದ ಕೂಡಲೇ ಹೊಸ ಹೊಸ ಮಿತಿಗಳು ಹುಟ್ಟಿಕೊಳ್ಳುತ್ತವೆ. ಈ ವ್ಯತ್ಯಾಸವನ್ನು ಕನ್ನಡಿಗರ ಮುಂದೆ ಬಿಡಿಸಿಟ್ಟವರು ಡಾ. ಎಚ್. ನರಸಿಂಹಯ್ಯ. ಜನರ ಬಾಯಲ್ಲಿ ಎಚ್‌ಎನ್.

ನಡೆದು ಬಂದ ಹುಡುಗ

ಯಲಹಂಕದಿಂದ ದೊಡ್ಡಬಳ್ಳಾಪುರ ದಾಟಿ ಉತ್ತರಕ್ಕೆ ಹೋದರೆ ಗೌರಿಬಿದನೂರು ಸಿಗುತ್ತದೆ. ಆ ತಾಲ್ಲೂಕಿನ ಹೊಸೂರಿನಲ್ಲಿ, ಬಡ ಕುಟುಂಬದಲ್ಲಿ, 1920ರ ಜೂನ್ 6ರಂದು ಎಚ್‌ಎನ್ ಹುಟ್ಟಿದರು. ಹೈಸ್ಕೂಲು ಓದಬೇಕೆಂಬ ಆಸೆಯಿಂದ 1935ರಲ್ಲಿ ಊರಿನಿಂದ ಬೆಂಗಳೂರಿಗೆ ನಡೆದೇ ಬಂದರು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋದರು. ಬಂದ ಮೇಲೆ ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು.

ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರೂ ಖಾದಿ ಬಿಡಲಿಲ್ಲ. ಮದುವೆಯಾಗದೆ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

1976ರ ಸವಾಲು

ಕುಲಪತಿಯಾಗಿದ್ದಾಗಲೇ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸಲು ಒಂದು ಸಮಿತಿ ಮಾಡಿದರು. ಆಗ ಸತ್ಯಸಾಯಿ ಬಾಬಾ ಅವರು ಶೂನ್ಯದಿಂದ ವಿಭೂತಿ, ಉಂಗುರ ಸೃಷ್ಟಿಸುತ್ತಾರೆ ಎಂಬ ನಂಬಿಕೆ ದೇಶದ ತುಂಬಾ ಹರಡಿತ್ತು. ಒಪ್ಪಿತ ಷರತ್ತುಗಳ ಅಡಿಯಲ್ಲಿ ಅದನ್ನು ತೋರಿಸಿ ಎಂದು ಕೋರಿ ಎಚ್‌ಎನ್ ಅವರಿಗೆ ಮೂರು ಪತ್ರ ಬರೆದರು. ಪರೀಕ್ಷೆಗೆ ಒಪ್ಪಿಗೆ ಬರಲಿಲ್ಲ. ಆಧ್ಯಾತ್ಮಿಕ ಶಕ್ತಿಯನ್ನು ವಿಜ್ಞಾನದಿಂದ ಅಳೆಯಲಾಗದು ಎಂಬುದು ಬಾಬಾ ಅವರ ನಿಲುವಾಗಿತ್ತು.

ಎಚ್‌ಎನ್ ಹೆಸರಿನ ಜೊತೆ ಜನ ಇಂದಿಗೂ ನೆನೆಯುವುದು ಕುಂಬಳಕಾಯಿಯ ಪ್ರಶ್ನೆ. ಇದು ತಮಾಷೆಯಂತೆ ಕಂಡರೂ ಒಳ್ಳೆಯ ವಿಜ್ಞಾನ. ಉಂಗುರ ಬೆರಳ ಸಂದಿಯಲ್ಲಿ ಅಡಗುತ್ತದೆ, ತೋಳಿನಲ್ಲೂ ಅಡಗುತ್ತದೆ. ಕುಂಬಳಕಾಯಿ ಅಡಗುವುದಿಲ್ಲ. ಶೂನ್ಯದಿಂದ ಸೃಷ್ಟಿಸುವ ಶಕ್ತಿಗೆ ಗಾತ್ರ ಅಡ್ಡಿಯಾಗಬಾರದು, ಕೈಚಳಕಕ್ಕೆ ಮಾತ್ರ ಅಡ್ಡಿಯಾಗುತ್ತದೆ. ಎರಡನ್ನೂ ಬೇರ್ಪಡಿಸಲು ಒಂದು ತರಕಾರಿ ಸಾಕು!

ಅದೇ ಸಮಿತಿ ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಒಬ್ಬ ಪುಟ್ಟ ಹುಡುಗನನ್ನೂ ಪರೀಕ್ಷಿಸಿತು. ವಿಭೂತಿ ಅವನ ಬಟ್ಟೆಯೊಳಗೇ ಅಡಗಿತ್ತು. ಇಲ್ಲಿ ನಗುವಂಥದ್ದೇನೂ ಇಲ್ಲ. ದೊಡ್ಡವರ ನಂಬಿಕೆಯ ಭಾರ ಹೊತ್ತಿದ್ದು ಆಟವಾಡಬೇಕಾದ ವಯಸ್ಸಿನ ಮಗು.

ಭಕ್ತರಿಂದ ಎಚ್‌ಎನ್ ತೀವ್ರ ಟೀಕೆ ಎದುರಿಸಿದರು. 1977ರಲ್ಲಿ ಅವರ ಕುಲಪತಿ ಅವಧಿ ಮುಗಿಯಿತು, ಸಮಿತಿಯೂ ವಿಸರ್ಜನೆಯಾಯಿತು. 1984ರಲ್ಲಿ ಪದ್ಮಭೂಷಣ ಬಂತು. ಪ್ರಶ್ನೆ ಕೇಳುವುದನ್ನು ಮಾತ್ರ ಅವರು 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಬಿಡಲಿಲ್ಲ.

ಶೂನ್ಯದಿಂದ ಉಂಗುರ: ಲೆಕ್ಕ ಏನು ಹೇಳುತ್ತದೆ?

ಐನ್‌ಸ್ಟೈನ್ ಸೂತ್ರದ ಪ್ರಕಾರ ವಸ್ತುವನ್ನು ಸೃಷ್ಟಿಸಲು ಶಕ್ತಿ ಬೇಕು. 10 ಗ್ರಾಂ ತೂಕದ ಉಂಗುರಕ್ಕೆ ಕನಿಷ್ಠ ಸುಮಾರು 25 ಕೋಟಿ ಯೂನಿಟ್ ವಿದ್ಯುತ್ತಿನಷ್ಟು ಶಕ್ತಿ ಬೇಕಾಗುತ್ತದೆ. ತಿಂಗಳಿಗೆ 200 ಯೂನಿಟ್ ಬಳಸುವ ಒಂದು ಲಕ್ಷ ಮನೆಗಳಿಗೆ ಒಂದು ವರ್ಷ ಕರೆಂಟು ಕೊಡುವಷ್ಟು ಅದು. ಇಷ್ಟು ಶಕ್ತಿ ಒಂದು ಅಂಗೈಯಲ್ಲಿ ಸೇರಿದರೆ ಅಕ್ಕಪಕ್ಕದವರಿಗೆ ಗೊತ್ತಾಗದೆ ಇರಲು ಸಾಧ್ಯವೇ?

ಒಪ್ಪದಿದ್ದರೆ ಮೋಸ ಎಂದರ್ಥವೇ?

ಅಲ್ಲ. ಪರೀಕ್ಷೆಗೆ ಬಾರದಿದ್ದರೆ ಮೋಸ ಸಾಬೀತಾಗುವುದಿಲ್ಲ. ಆದರೆ ಶಕ್ತಿಯೂ ಸಾಬೀತಾಗುವುದಿಲ್ಲ. ಹೇಳಿಕೊಂಡವರೇ ತೋರಿಸಬೇಕು, ಕೇಳಿದವರಲ್ಲ. ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ ಅವರು ಇದೇ ನಿಯಮದ ಮೇಲೆ 10 ಲಕ್ಷ ಡಾಲರ್ ಬಹುಮಾನ ಇಟ್ಟಿದ್ದರು. ಷರತ್ತುಗಳನ್ನು ಎರಡೂ ಕಡೆಯವರು ಮೊದಲೇ ಒಪ್ಪಬೇಕಿತ್ತು. ಒಬ್ಬರೂ ಗೆಲ್ಲಲಿಲ್ಲ.

ನಂಬದವರ ಎದುರು ಶಕ್ತಿ ಕೆಲಸ ಮಾಡುವುದಿಲ್ಲ ಎಂಬ ಮಾತು ಬಂದಾಗಲೂ ಎಚ್ಚರ ಇರಲಿ. ಆಮೇಲೆ ಸೇರಿಸಿದ ಮಿತಿ ಶಕ್ತಿಯನ್ನು ಸೋಲಿನಿಂದ ಕಾಪಾಡುತ್ತದೆ, ನಮ್ಮನ್ನಲ್ಲ. ಕೈ ಇಟ್ಟರೆ ಸಕ್ಕರೆ ಕಾಯಿಲೆ ವಾಸಿ ಎಂಬ ಫಾರ್ವರ್ಡ್ ನಂಬಿ ಮಾತ್ರೆ ಬಿಟ್ಟರೆ ಅಪಾಯ ನಮಗೇ.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ

1. ಏನಾಗುತ್ತದೆ ಎಂದು ಮೊದಲೇ ಸ್ಪಷ್ಟವಾಗಿ ಹೇಳಿದ್ದಾರೆಯೇ?
2. ಕೈ, ತೋಳು, ಬಟ್ಟೆ, ಜಾಗವನ್ನು ಬೇರೆಯವರು ಪರಿಶೀಲಿಸಿದ್ದಾರೆಯೇ?
3. ಉಂಗುರದ ಬದಲು ಕುಂಬಳಕಾಯಿ ಕೇಳಿದರೆ ಆಗುತ್ತದೆಯೇ?

ಮೂರಕ್ಕೂ ಹೌದು ಎಂಬ ಉತ್ತರ ಸಿಗುವವರೆಗೆ ಆ ವಿಡಿಯೋ ನಿಮ್ಮ ಫೋನಿನಲ್ಲೇ ಇರಲಿ. ಪ್ರಶ್ನೆ ಕೇಳುವುದು ಯಾರ ಭಕ್ತಿಗೂ ಅವಮಾನವಲ್ಲ.