ಮೂಡಿಗೆರೆ ತೋಟದಲ್ಲೊಂದು ಕಂಪ್ಯೂಟರ್

ಮೊದಲೇ ಹೇಳಿಬಿಡ್ತೇನೆ, ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ. ಕನ್ನಡ ಅಂದ್ರೆ ನಂಗೆ ಒಂದು ಪೇಪರ್ ಆಗಿತ್ತು, ಅಷ್ಟೇ. ಒತ್ತಕ್ಷರ ತಪ್ಪಿದ್ರೆ ನಮ್ಮ ಸಂಘದ ಸೀನಿಯರ್‌ಗಳನ್ನ ಬಯ್ಯಿರಿ, ತಿದ್ದೋ ಕೆಲಸ ಅವರದ್ದು.

ತೇಜಸ್ವಿ ಬಗ್ಗೆ ಬರೀಬೇಕು ಅಂತ ಅನಿಸಿದ್ದು ಒಂದು ಸಿಡಿಯಿಂದ. ನಮ್ಮ ಮನೆ ರಾಮನಗುಳಿ. ಅಂಕೋಲೆಯಿಂದ ಯಲ್ಲಾಪುರದ ಕಡೆ ಹೋಗುವಾಗ ಅರಬೈಲ್ ಘಟ್ಟ ಹತ್ತೋಕೂ ಮೊದ್ಲು ಸಿಗ್ತದೆ. ನಮ್ಮಜ್ಜ ಊರಿನ ಹಳೇ ಸಂಗತಿಗಳನ್ನ ನಾಲ್ಕು ಪಟ್ಟಿ ತುಂಬ ಬರೆದಿಟ್ಟಿದ್ದರು. ಯಾವ ವರ್ಷ ಗಂಗಾವಳಿ ಎಷ್ಟು ಏರಿತ್ತು, ಅಡಿಕೆಗೆ ಕೊಳೆ ಬಂದ ವರ್ಷ ಯಾರು ಸಾಲ ಮಾಡಿದ್ರು, ಇಂಥದ್ದೆಲ್ಲ. ನಾನು ಹುಟ್ಟೋಕೂ ಮುಂಚೆ ಅದನ್ನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಸಿಡಿಗೆ ಹಾಕಿಸಿದ್ರಂತೆ. 2019ರ ಆಗಸ್ಟ್‌ನಲ್ಲಿ ಹೊಳೆ ಮನೆಯೊಳಗೇ ಬಂದಾಗ ಪಟ್ಟಿಗಳು ನೆನೆದು ಮುದ್ದೆಯಾದವು. ಅಜ್ಜ ಆಗಲೇ ಇರಲಿಲ್ಲ. ಸಿಡಿ ಮಾತ್ರ ಅಟ್ಟದ ಮೇಲಿತ್ತು, ಉಳೀತು.

ಹೋದ ದೀಪಾವಳಿಗೆ ಯಾರದ್ದೋ ಸಿಡಿ ಡ್ರೈವ್ ಕಡ ತಂದು ಹಾಕಿದೆ. ಫೈಲ್ ತೆರೀತು. ಆದ್ರೆ ಒಳಗೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ ಇಟ್ಟ ಫ್ರೆಂಚ್ ಥರದ ಅಕ್ಷರ, ಪೌಂಡ್ ಚಿಹ್ನೆ, ಅರವತ್ತು ಪುಟ ಬರೀ ಅದೇ. ಆಯಿ ಪಕ್ಕದಲ್ಲೇ ಕೂತು ನೋಡ್ತಿದ್ರು. ಏನೂ ಹೇಳಲಿಲ್ಲ, ಎದ್ದು ಒಳಗೆ ಹೋದರು.

ಕಾಲೇಜಿಗೆ ಬಂದು ಇದನ್ನ ಹೇಳಿಕೊಂಡಾಗ ಸಂಘದ ಒಬ್ಬ ಸೀನಿಯರ್ ಹೇಳಿದ್ದು, ಈ ಗೋಳನ್ನೇ ಇಪ್ಪತ್ತು ವರ್ಷದ ಹಿಂದೆ ಒಬ್ಬರು ಕಾಫಿ ತೋಟದಲ್ಲಿ ಕೂತು ಕೂಗಿ ಕೂಗಿ ಹೇಳಿದ್ದರು, ಅವರ ಹೆಸರು ಪೂರ್ಣಚಂದ್ರ ತೇಜಸ್ವಿ ಅಂತ. ನಂಗೆ ತೇಜಸ್ವಿ ಅಂದ್ರೆ ಗೊತ್ತಿದ್ದದ್ದು 2023ರಲ್ಲಿ ಬಂದ ಡೇರ್‌ಡೆವಿಲ್ ಮುಸ್ತಾಫಾ ಸಿನಿಮಾ, ಅವರ ಓದುಗರೇ ದುಡ್ಡು ಹಾಕಿ ಮಾಡಿದ್ದು. ಕರ್ವಾಲೋ ಅರ್ಧ ಓದಿ ಬಿಟ್ಟಿದ್ದೆ. ಕಂಪ್ಯೂಟರ್‌ಗೂ ಅವರಿಗೂ ಎಂತ ಸಂಬಂಧ ಅಂತ ಹುಡುಕುತ್ತಾ ಹೋದೆ.

ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ಕ್ಕೆ, ಶಿವಮೊಗ್ಗದಲ್ಲಿ. ಕುವೆಂಪು ಅವರ ದೊಡ್ಡ ಮಗ. ಬೆಳೆದದ್ದು ಮೈಸೂರಿನ ಒಂಟಿಕೊಪ್ಪಲಿನ ಉದಯರವಿ ಮನೆಯಲ್ಲಿ. ಅಪ್ಪ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆದವರು, ಮಗ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ಮಾಡಿದವರು. ಅಂದ್ರೆ ಲೆಕ್ಚರರ್ ಕೆಲಸಕ್ಕೆ ದಾರಿ ಎದುರಿಗೇ ಇತ್ತು. ಆ ದಾರಿ ಬಿಟ್ಟು ಮೂಡಿಗೆರೆ ಕಡೆ ಹೋಗಿ ಕಾಫಿ ಬೆಳೆಯೋಕೆ ನಿಂತರು. ಮೊದಲು ಚಿತ್ರಕೂಟ ಅನ್ನೋ ತೋಟ, ಆಮೇಲೆ ನಿರುತ್ತರ. ಈಗಿನ ಕಾಲದಲ್ಲಿ ಕೆಲಸ ಬಿಟ್ಟು ತೋಟಕ್ಕೆ ಹೋದವರು ಮರುದಿನವೇ ವಿಡಿಯೋ ಮಾಡಿ ಹಾಕ್ತಾರೆ. ಅವರು ಹೋದದ್ದು ಅರವತ್ತರ ದಶಕದಲ್ಲಿ, ನೋಡೋಕೆ ಯಾರೂ ಇಲ್ಲದಾಗ. 1966ರಲ್ಲಿ ರಾಜೇಶ್ವರಿಯವರ ಜೊತೆ ಮದುವೆ ಆಯ್ತು, ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯದ ರೀತಿಯಲ್ಲಿ, ಆಡಂಬರ ಇಲ್ಲದೆ. ಶಾಂತವೇರಿ ಗೋಪಾಲಗೌಡ, ಲೋಹಿಯಾ ವಿಚಾರ, ರೈತ ಚಳವಳಿ ಇವೆಲ್ಲ ಅವರ ಬದುಕಿನಲ್ಲಿ ದೊಡ್ಡದಾಗಿ ಇವೆ. ಅದನ್ನ ಬರೆಯೋ ಯೋಗ್ಯತೆ ನಂಗಿಲ್ಲ, ಬಿಡ್ತೇನೆ.

ನಂಗೆ ಹಿಡಿಸಿದ್ದು ಯಂತ್ರಗಳ ಜೊತೆ ಅವರ ಸಹವಾಸ. ತೋಟದಲ್ಲಿ ಇರೋರಿಗೆ ಇದು ಅರ್ಥ ಆಗ್ತದೆ. ನಮ್ಮಲ್ಲೂ ಪಂಪ್‌ಸೆಟ್ ಕೆಟ್ಟರೆ ಮೆಕ್ಯಾನಿಕ್ ಬರೋದು ಮೂರನೇ ದಿನಕ್ಕೆ. ಅಷ್ಟರಲ್ಲಿ ನೀವೇ ಬಿಚ್ಚಿ ನೋಡಿರ್ತೀರಿ. ತೇಜಸ್ವಿ ಸ್ಕೂಟರ್, ಕೋವಿ, ಕ್ಯಾಮೆರಾ ಏನೇ ಇರಲಿ ಬಿಚ್ಚಿ ನೋಡೋ ಪೈಕಿ. ಸಿತಾರ್ ಕಲಿತರು, ಚಿತ್ರ ಬರೆದರು, ಗಾಳ ಹಾಕಿ ಮೀನು ಹಿಡಿದರು, ಹಕ್ಕಿಗಳ ಫೋಟೋ ತೆಗೆದರು. ಈಗ ನಾವು ಒಂದು ಮಿಂಚುಳ್ಳಿ ಕಂಡರೆ ಫೋನಲ್ಲಿ ನೂರು ಸಲ ಒತ್ತಿ ತೊಂಬತ್ತೊಂಬತ್ತು ಡಿಲೀಟ್ ಮಾಡ್ತೇವೆ. ಆಗ ಒಂದು ರೋಲಿಗೆ 36 ಚಿತ್ರ, ತೊಳೆಸೋತನಕ ಹೆಂಗೆ ಬಂತು ಅಂತ ಗೊತ್ತಿಲ್ಲ. ಹಾಗಿದ್ದೂ ಹಕ್ಕಿಗಳ ಮೇಲೆ ಪುಸ್ತಕಗಳನ್ನೇ ಮಾಡಿದ್ರು.

ಅವರ ಕತೆಗಳಲ್ಲೂ ಸಂಪರ್ಕದ ವಿಷಯ ಪದೇ ಪದೇ ಬರ್ತದೆ. 1973ರ ಅಬಚೂರಿನ ಪೋಸ್ಟಾಫೀಸು ಸಂಕಲನದ ಶೀರ್ಷಿಕೆಯ ಕತೆಯಲ್ಲಿ ಬೋಬಣ್ಣ ಅಂಚೆ ನೋಡಿಕೊಳ್ಳುವವ, ಬೇರೆಯವರ ಕಾಗದ ಒಡೆದು ಓದೋ ಚಪಲಕ್ಕೆ ಬಿದ್ದು ಒದ್ದಾಡ್ತಾನೆ. ನಮ್ಮ ಸೈಬರ್ ಸೆಕ್ಯುರಿಟಿ ಕ್ಲಾಸಲ್ಲಿ ಪ್ರೈವಸಿ ಅಂತ ಎರಡು ತಾಸು ಕೊರೆದದ್ದು ಈ ಕತೆಯಲ್ಲಿ ಅರ್ಧ ತಾಸಿಗೆ ಸಿಗ್ತದೆ. ಅದೇ ಪುಸ್ತಕದ ತಬರ ಪೆನ್ಶನ್‌ಗಾಗಿ ಆಫೀಸಿಂದ ಆಫೀಸಿಗೆ ಅಲೀತಾನೆ. ಸರ್ವರ್ ಡೌನ್ ಅನ್ನೋ ಒಂದು ಮಾತು ಸೇರಿಸಿದ್ರೆ ಅದು ಇವತ್ತಿನ ಕತೆ. 1980ರಲ್ಲಿ ಕರ್ವಾಲೋ ಬಂತು. ಚಿದಂಬರ ರಹಸ್ಯಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ತು.

ಆಮೇಲೆ ಕಂಪ್ಯೂಟರ್ ಬಂತು. ವಯಸ್ಸಾದ ಮೇಲೆ ಕಲಿತದ್ದು. ತೋಟದ ಮನೆಯಲ್ಲೇ ಕೂತು ಪುಸ್ತಕದ ಪುಟ ಜೋಡಿಸೋದು, ಚಿತ್ರ ತಿದ್ದೋದು ಎಲ್ಲ ಮಾಡ್ತಾ ಹೋದ ಹಾಗೆ ಅವರಿಗೆ ಕನ್ನಡದ ಒಳಗಿನ ಗೊಂದಲ ಕಂಡಿತು. ಅದೆಂತ ಗೊಂದಲ ಅಂತ ಸ್ವಲ್ಪ ಬಿಡಿಸಿ ಹೇಳ್ಬೇಕು. ನಮ್ಮಜ್ಜನ ಸಿಡಿಯ ರೋಗವೂ ಅದೇ.

ಕಂಪ್ಯೂಟರ್‌ಗೆ ಅಕ್ಷರ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಹಳೇ ಫಾಂಟುಗಳಲ್ಲಿ 256 ನಂಬರಿನ ಜಾಗ. ಅದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗ. ಕನ್ನಡ ಸಾಫ್ಟ್‌ವೇರ್ ಮಾಡಿದವರು ಅದೇ ಜಾಗಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತು ಎಲ್ಲ ತುಂಡು ಮಾಡಿ ಕೂರಿಸಿದ್ರು. ಪರದೆ ಮೇಲೆ ಕನ್ನಡ ಕಾಣ್ತಿತ್ತು, ಆದ್ರೆ ಫೈಲ್ ಒಳಗೆ ಇದ್ದದ್ದು ಇಂಗ್ಲಿಷ್ ನಂಬರುಗಳೇ. ಅದರ ಮೇಲೆ ಒಬ್ಬೊಬ್ಬರು ಒಂದೊಂದು ಥರ ಕೂರಿಸಿದ್ರು. ಒಬ್ಬರ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ದು ಇನ್ನೊಬ್ಬರದ್ದರಲ್ಲಿ ಕಸ. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲೂ ಕಸ. ಹುಡುಕೋಕೆ ಆಗಲ್ಲ, ಅಕಾರಾದಿಯಾಗಿ ಜೋಡಿಸೋಕೂ ಆಗಲ್ಲ. ಟೈಪ್‌ರೈಟರ್‌ಗಿಂತ ಸ್ವಲ್ಪ ಚಂದದ ಟೈಪ್‌ರೈಟರ್, ಅಷ್ಟೇ.

ಇಷ್ಟರಲ್ಲಿ ಕೆಲಸ ಮಾಡಿದವರು ಇರಲಿಲ್ಲ ಅಂತಲ್ಲ. ಕೆ.ಪಿ. ರಾವ್ ಅವರು ಇರೋ 26 ಕೀಲಿಯಲ್ಲೇ ಕನ್ನಡ ಪೂರ್ತಿ ಹಿಡಿಸೋ ವಿನ್ಯಾಸ ಕೊಟ್ಟಿದ್ದರು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಿತ್ತು. ಕನ್ನಡ ಗಣಕ ಪರಿಷತ್ತಿನ ನುಡಿ ಸರಕಾರಿ ಕಚೇರಿಗಳಿಗೆ ಹೋಯ್ತು. ತೇಜಸ್ವಿಯವರಿಗೆ ಇದ್ಯಾವುದೂ ಸಾಲಲಿಲ್ಲ. ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಏನೇನು ಮಾಡ್ತದೋ ಕನ್ನಡವೂ ಅದನ್ನೆಲ್ಲ ಮಾಡ್ಬೇಕು, ಇಲ್ಲದಿದ್ರೆ ಮುಂದಿನವರು ಕನ್ನಡ ಬಿಡ್ತಾರೆ ಅನ್ನೋದು ಅವರ ಹಟ. ಪತ್ರಿಕೆಗಳಲ್ಲಿ ಬರೆದರು, ಸರಕಾರದ ಜೊತೆ ಜಗಳ ಆಡಿದರು. ಸಾಹಿತಿಗಳಿಗೆ ಇದು ಸಾಹಿತ್ಯದ್ದೇ ವಿಷಯ ಅಂತ ಒಪ್ಪಿಸೋಕೆ ನೋಡಿದರು. ಕೊನೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಕುವೆಂಪು ಅನ್ನೋ ಹೆಸರಿನ ತಂತ್ರಾಂಶವೇ ಬಂತು. ಅದನ್ನ ಕಟ್ಟಿದವರು ಹಾಸನದ ತಂತ್ರಜ್ಞರು, ಹಿಂದೆ ನಿಂತು ದೂಡಿದವರು ತೇಜಸ್ವಿ.

ಇಲ್ಲಿ ನಂದೊಂದು ತಕರಾರು ಇದೆ, ಹಿರಿಯರು ಕ್ಷಮಿಸಬೇಕು. ಆ ಹೊತ್ತಿಗೆ ಯೂನಿಕೋಡ್ ಬಂದು ವರ್ಷಗಳೇ ಆಗಿತ್ತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಸ್ವಂತ ಜಾಗ. ಕ ಅಂದ್ರೆ 3221, ಜಗತ್ತಿನ ಯಾವ ಮೂಲೆಯಲ್ಲೂ 3221. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಕನ್ನಡ ಇತ್ತು. ನಮ್ಮಲ್ಲಿ ಮಾತ್ರ ಯಾರ ಫಾಂಟು ಸರಿ, ಯಾರ ಕೀಲಿಮಣೆ ಯಾರದ್ದು ಅನ್ನೋ ಜಗಳದಲ್ಲೇ ಸುಮಾರು ವರ್ಷ ಕಳೀತು ಅನಿಸ್ತದೆ. ಆದ್ರೆ ಇದನ್ನ ಹೇಳೋಕೆ ನಂಗೆ ಸುಲಭ, ನನ್ನ ಫೋನಲ್ಲಿ ಕನ್ನಡ ಮೊದಲೇ ಇತ್ತು. ಅವರು ಇದ್ದದ್ದು ಮಳೆ ಬಂದ್ರೆ ಫೋನ್ ತಂತಿ ಹರಿಯೋ ಮಲೆನಾಡಲ್ಲಿ. ಲ್ಯಾಂಡ್‌ಲೈನ್‌ಗೆ ಮೋಡೆಮ್ ಸಿಕ್ಕಿಸಿ ಇಂಟರ್ನೆಟ್ ನೋಡ್ತಿದ್ದ ಕಾಲ ಅದು. ಹಾಗೆ ನೋಡಿದ್ರೆ ರಾಮನಗುಳಿ ಈಗಲೂ ಅರ್ಧ ಅಲ್ಲೇ ಇದೆ. ಕೊರೋನಾ ಸಮಯದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ನಾನು ಗುಡ್ಡ ಹತ್ತಿ, ಗೇರು ಮರದ ಬುಡದಲ್ಲಿ ಕೊಡೆ ಹಿಡಿದು ಕೂರ್ತಿದ್ದೆ. ಎರಡು ಕಡ್ಡಿ ಸಿಗ್ನಲ್ ಬಂದ್ರೆ ಆ ದಿನ ಹಬ್ಬ. ಕರೆಂಟು ಹೋದ್ರೆ ಟವರೂ ಹೋಯ್ತು. ಯಾವ ಕಂಪನಿ ಅಂತ ಕೇಳಬೇಡಿ, ಎಲ್ಲವೂ ಒಂದೇ. ಹಳ್ಳಿಯಲ್ಲಿ ಕೂತವನಿಗೆ ಹೊಸ ಯಂತ್ರ ಕಡೆಗೆ ಬರ್ತದೆ, ಅರ್ಧಂಬರ್ಧ ಬರ್ತದೆ. ಅಂಥ ಕಡೆ ಕೂತವರೊಬ್ಬರು ಎಲ್ಲರಿಗಿಂತ ಮೊದಲು ಕೂಗಿದ್ದು ನಂಗೆ ಈಗಲೂ ಆಶ್ಚರ್ಯ.

2007ರ ಏಪ್ರಿಲ್ 5ರಂದು ನಿರುತ್ತರದ ಮನೆಯಲ್ಲೇ ಹೃದಯಾಘಾತ ಆಗಿ ತೇಜಸ್ವಿ ತೀರಿಕೊಂಡರು. 68 ವರ್ಷ. ಆಂಡ್ರಾಯ್ಡ್ ಫೋನ್ ಇನ್ನೂ ಬಂದಿರಲಿಲ್ಲ. ಈಗ ಬಸ್‌ಸ್ಟ್ಯಾಂಡಲ್ಲಿ ಕಾಯೋರೆಲ್ಲ ಫೋನಲ್ಲಿ ಕನ್ನಡ ಓದೋದನ್ನ ಅವರು ನೋಡಲಿಲ್ಲ. ನನ್ನ ಥರದವರು ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋದನ್ನೂ ನೋಡಲಿಲ್ಲ, ಅದು ಒಳ್ಳೇದಾಯ್ತು.

ಸಿಡಿ ಕತೆ ಹೇಳೋಕೆ ಉಳೀತು. ಹಳೇ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸೋ ಪರಿವರ್ತಕಗಳು ಇವೆ. ಮೂರನೇದ್ದು ಕೆಲಸ ಮಾಡ್ತು. ಕಸ ಹೋಗಿ ಅಜ್ಜನ ಮಾತು ಬಂತು. ಆದ್ರೆ ಅರ್ಕಾವತ್ತು ಇರೋ ಕಡೆಯೆಲ್ಲ ಜಾಗ ಪಲ್ಲಟ. ಹಳೇ ಫಾಂಟಲ್ಲಿ ಅದು ಅಕ್ಷರದ ನಂತರ ಬರ್ತದೆ, ಯೂನಿಕೋಡಲ್ಲಿ ಮೊದಲೇ ಬರ್ಬೇಕು. ಹಾಗಾಗಿ ವರ್ಷ ಹೋಗಿ ವಷರ್, ಕರ್ನಾಟಕ ಹೋಗಿ ಕನಾರ್ಟಕ. ಒಂದು ಪೈಥಾನ್ ಸ್ಕ್ರಿಪ್ಟ್ ಬರೆದು ಸುಮಾರಷ್ಟು ಸರಿ ಮಾಡಿದೆ. ಉಳಿದದ್ದನ್ನ ಕೈಯಲ್ಲೇ ತಿದ್ದಬೇಕು, ಕೆಲವು ಶಬ್ದ ನಂಗೆ ಗೊತ್ತೇ ಇಲ್ಲ. ರಾತ್ರಿ ಆಯಿಗೆ ಫೋನ್ ಮಾಡಿ ಓದ್ತೇನೆ, ಅವರು ಅದು ಹಾಗಲ್ಲ ಹೀಗೆ ಅಂತ ಹೇಳ್ತಾರೆ, ಮಧ್ಯೆ ಸಿಗ್ನಲ್ ಹೋಗ್ತದೆ, ಮತ್ತೆ ಮಾಡ್ತೇನೆ. ನಿನ್ನೆಗೆ ಇಪ್ಪತ್ಮೂರನೇ ಪುಟ ಮುಗೀತು.