ಹ್ಯಾರಿ ಫರ್ಗುಸನ್

ಮಳೆಗಾಲದಲ್ಲಿ ಹಳ್ಳಿಯ ರಸ್ತೆಯ ಕೆಸರಿನಲ್ಲಿ ಲಾರಿಯೊಂದು ಸಿಕ್ಕಿಕೊಂಡಾಗ ನಡೆಯುವುದನ್ನು ನೀವು ನೋಡಿರಬಹುದು. ಚಾಲಕನು ಒತ್ತಿದಷ್ಟೂ ಎಂಜಿನು ಆರ್ಭಟಿಸುತ್ತದೆ. ಹಿಂದಿನ ಚಕ್ರಗಳು ಗಿರ್ರನೆ ತಿರುಗಿ ಸುತ್ತ ನಿಂತವರ ಮೇಲೆಲ್ಲ ಕೆಸರೆರಚುತ್ತವೆ. ಲಾರಿ ಮಾತ್ರ ನಿಂತಲ್ಲಿಯೇ ನಿಂತು ಇನ್ನಷ್ಟು ಹೂತುಕೊಳ್ಳುತ್ತದೆ. ಎಂಜಿನಿನಲ್ಲಿ ಬಲಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಚಕ್ರಕ್ಕೂ ನೆಲಕ್ಕೂ ನಡುವಣ ಹಿಡಿತದಲ್ಲಿ. ಮುಂದಿನ ಎರಡು ಚಕ್ರಗಳಾದರೋ ಈ ಹೋರಾಟದಲ್ಲಿ ಪಾಲ್ಗೊಳ್ಳದೆ ಸುಮ್ಮನಿರುತ್ತವೆ. ಬಲವಿದ್ದೂ ಹಿಡಿತವಿಲ್ಲದ ಈ ತೊಡಕನ್ನು ಬಿಡಿಸುವುದರಲ್ಲಿಯೇ ತನ್ನ ಬಾಳಿನ ಬಹುಭಾಗವನ್ನು ಕಳೆದವನು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಮೊದಲು ಹೊಲದಲ್ಲಿ, ಅನಂತರ ಹೆದ್ದಾರಿಯಲ್ಲಿ ಅವನು ಈ ಒಂದೇ ಪ್ರಶ್ನೆಯನ್ನು ಬೆನ್ನಟ್ಟಿದನು. ಹೊಲದಲ್ಲಿ ದೊರೆತ ಜಯವನ್ನು ಅವನು ಕಣ್ಣಾರೆ ಕಂಡನು; ಹೆದ್ದಾರಿಯ ಜಯವನ್ನು ಕಾಣಲಿಲ್ಲ.

ಉತ್ತರ ಐರ್ಲೆಂಡಿನ ಡೌನ್ ಪ್ರಾಂತದಲ್ಲಿ, ಡ್ರೊಮೋರ್ ಎಂಬ ಊರಿನ ಸಮೀಪದಲ್ಲಿರುವ ಗ್ರೋವೆಲ್‌ನಲ್ಲಿ ೧೮೮೪ರ ನವೆಂಬರ್ ೪ರಂದು ಫರ್ಗುಸನ್ ಹುಟ್ಟಿದನು. ತಂದೆ ರೈತ, ಧರ್ಮನಿಷ್ಠೆಯಲ್ಲಿಯೂ ಶಿಸ್ತಿನಲ್ಲಿಯೂ ಬಲು ಕಠಿಣ. ಹನ್ನೊಂದು ಮಕ್ಕಳ ಆ ಸಂಸಾರದಲ್ಲಿ ಹ್ಯಾರಿ ನಾಲ್ಕನೆಯವನು. ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ಹೊಲದ ದುಡಿಮೆಗೆ ಇಳಿದನಾದರೂ ಅದು ಅವನಿಗೆ ಒಗ್ಗಲಿಲ್ಲ. ೧೯೦೨ರಲ್ಲಿ ಅಣ್ಣನು ಬೆಲ್‌ಫಾಸ್ಟ್ ನಗರದಲ್ಲಿ ನಡೆಸುತ್ತಿದ್ದ ಸೈಕಲ್ ಮತ್ತು ಮೋಟಾರು ದುರಸ್ತಿಯ ಅಂಗಡಿಯನ್ನು ಸೇರಿಕೊಂಡನು. ಅಲ್ಲಿ ಅವನ ಕೈಗೆ ತಕ್ಕ ಕೆಲಸ ದೊರೆಯಿತು. ಕೆಟ್ಟ ಎಂಜಿನಿನ ಸದ್ದನ್ನು ಕೇಳಿಯೇ ದೋಷವನ್ನು ಗುರುತಿಸುವಷ್ಟು ನಿಪುಣನಾದನು. ಮೋಟಾರ್ ಸೈಕಲ್ ಪಂದ್ಯಗಳಲ್ಲಿ ಹೆಸರು ಪಡೆದನು. ಅಷ್ಟಕ್ಕೆ ತೃಪ್ತನಾಗದೆ ವಿಮಾನವೊಂದನ್ನು ತಾನೇ ಕಟ್ಟಿ, ೧೯೦೯ರ ಡಿಸೆಂಬರ್ ೩೧ರಂದು ಹಿಲ್ಸ್‌ಬರೋ ಎಂಬಲ್ಲಿ ಸುಮಾರು ೧೩೦ ಗಜಗಳಷ್ಟು ದೂರ ಹಾರಿದನು. ಐರ್ಲೆಂಡಿನ ನೆಲದಿಂದ ವಿಮಾನದಲ್ಲಿ ಮೇಲೇರಿದವರಲ್ಲಿ ಅವನೇ ಮೊದಲಿಗನು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗೆ ಆಹಾರಧಾನ್ಯದ ಅಭಾವ ಒದಗಿತು. ಹೆಚ್ಚು ಭೂಮಿಯನ್ನು ಉಳಬೇಕಾಗಿತ್ತು. ೧೯೧೭ರಲ್ಲಿ ಐರ್ಲೆಂಡಿನ ಟ್ರ್ಯಾಕ್ಟರುಗಳನ್ನು ಪರಿಶೀಲಿಸುವ ಹೊಣೆಯನ್ನು ಸರ್ಕಾರವು ಫರ್ಗುಸನ್ನನಿಗೆ ವಹಿಸಿತು. ಊರೂರು ಸುತ್ತಿದ ಅವನಿಗೆ ಕಂಡ ನೋಟ ಸಂತೋಷ ತರುವಂಥದಾಗಿರಲಿಲ್ಲ. ಎತ್ತುಗಳನ್ನೋ ಕುದುರೆಗಳನ್ನೋ ಕಟ್ಟಿದಂತೆ ನೇಗಿಲನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಸುತ್ತಿದ್ದರು. ಚಕ್ರಗಳು ಜಾರದಿರಬೇಕಾದರೆ ಟ್ರ್ಯಾಕ್ಟರು ಭಾರವಾಗಿರಬೇಕು. ಭಾರವಾದರೆ ಅದು ಹೊಲದ ಮಣ್ಣನ್ನು ತುಳಿದು ಗಟ್ಟಿಮಾಡುತ್ತದೆ. ಇದಕ್ಕಿಂತ ಘೋರವಾದದ್ದು ಇನ್ನೊಂದಿತ್ತು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂಭಾಗವು ಮೇಲಕ್ಕೆದ್ದು, ಯಂತ್ರವೆಲ್ಲ ಹಿಂದಕ್ಕೆ ಮಗುಚಿ ಚಾಲಕನ ಮೇಲೆ ಬೀಳುತ್ತಿತ್ತು. ಹೀಗೆ ಪ್ರಾಣ ಕಳೆದುಕೊಂಡ ರೈತರಿದ್ದರು.

ನೇಗಿಲನ್ನು ಎಳೆಯುವ ಸರಕೆಂದು ಭಾವಿಸದೆ, ಅದನ್ನು ಟ್ರ್ಯಾಕ್ಟರಿನ ಒಂದು ಅಂಗವನ್ನಾಗಿ ಮಾಡಿದರೆ ಹೇಗೆ ಎಂದು ಫರ್ಗುಸನ್ ಆಲೋಚಿಸಿದನು. ಇದು ಕೈಗೂಡುವುದಕ್ಕೆ ವರ್ಷಗಳೇ ಹಿಡಿದವು. ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ತೋಳುಗಳಿಂದ ನೇಗಿಲನ್ನು ಟ್ರ್ಯಾಕ್ಟರಿಗೆ ಜೋಡಿಸಿ, ಎಣ್ಣೆಯ ಒತ್ತಡದಿಂದ ಅದನ್ನು ಏರಿಸುವ, ಇಳಿಸುವ ವ್ಯವಸ್ಥೆಯನ್ನು ಅವನು ರೂಪಿಸಿದನು. ಮಣ್ಣು ನೇಗಿಲನ್ನು ಹಿಂದಕ್ಕೂ ಕೆಳಕ್ಕೂ ಜಗ್ಗುವ ಬಲವು ಈ ತೋಳುಗಳ ಮೂಲಕ ಹಿಂದಿನ ಚಕ್ರಗಳನ್ನು ನೆಲಕ್ಕೆ ಒತ್ತುತ್ತದೆ. ಮೇಲಿನ ತೋಳು ಟ್ರ್ಯಾಕ್ಟರಿನ ಮೂತಿ ಮೇಲೇಳದಂತೆ ತಡೆಯುತ್ತದೆ. ಹೊರೆಯೇ ಹಿಡಿತವಾಯಿತು. ಹಗುರವಾದ ಪುಟ್ಟ ಟ್ರ್ಯಾಕ್ಟರು ಭಾರವಾದುದರ ಕೆಲಸವನ್ನು ಮಾಡತೊಡಗಿತು. ಇಂದಿಗೂ ರಾಯಚೂರಿನ ಎರೆಯ ಹೊಲದಲ್ಲಾಗಲಿ ಮಂಡ್ಯದ ಗದ್ದೆಯಲ್ಲಾಗಲಿ ಉಳುವ ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಕಾಣುವ ಮೂರು ತೋಳುಗಳು ಅವನ ಕಲ್ಪನೆಯ ಕೂಸುಗಳೇ ಆಗಿವೆ.

೧೯೩೮ರಲ್ಲಿ ಫರ್ಗುಸನ್ ತನ್ನ ಟ್ರ್ಯಾಕ್ಟರನ್ನು ಅಮೆರಿಕೆಗೆ ಒಯ್ದು ಹೆನ್ರಿ ಫೋರ್ಡನ ಮುಂದೆ ಉತ್ತು ತೋರಿಸಿದನು. ಮೋಟಾರು ಜಗತ್ತಿನ ಆ ಮುದುಕ ದೊರೆ ಮೆಚ್ಚಿದನು. ಕಾಗದಪತ್ರವೊಂದೂ ಇಲ್ಲದೆ, ಕೈಕುಲುಕಿನ ಮೇಲೆಯೇ ಒಪ್ಪಂದ ನಡೆದುಹೋಯಿತು. ಫೋರ್ಡ್ ಕಾರ್ಖಾನೆ ೧೯೩೯ರಿಂದ ಮೂರು ಲಕ್ಷಕ್ಕೂ ಮಿಕ್ಕಿ ಇಂಥ ಟ್ರ್ಯಾಕ್ಟರುಗಳನ್ನು ತಯಾರಿಸಿತು. ಆದರೆ ಕೈಕುಲುಕಿದವನು ಅಧಿಕಾರದಿಂದ ಇಳಿದ ಬಳಿಕ ಅವನ ಮೊಮ್ಮಗನ ಆಡಳಿತವು ಒಪ್ಪಂದವನ್ನು ಮುರಿದು, ಅದೇ ಬಗೆಯ ಟ್ರ್ಯಾಕ್ಟರನ್ನು ತನ್ನದೆಂದು ಮಾರತೊಡಗಿತು. ಫರ್ಗುಸನ್ ಸುಮ್ಮನಿರುವ ಜೀವವಲ್ಲ. ೧೯೪೮ರಲ್ಲಿ ಇಪ್ಪತ್ತೈದು ಕೋಟಿ ಡಾಲರುಗಳಿಗೂ ಹೆಚ್ಚಿನ ಪರಿಹಾರವನ್ನು ಕೇಳಿ ದಾವೆ ಹೂಡಿದನು. ನಾಲ್ಕು ವರ್ಷಗಳ ತರುವಾಯ ೯೨ ಲಕ್ಷ ೫೦ ಸಾವಿರ ಡಾಲರುಗಳಿಗೆ ರಾಜಿಯಾಯಿತು. ಕೇಳಿದ್ದೆಷ್ಟು, ದೊರೆತದ್ದೆಷ್ಟು ಎಂದು ಲೆಕ್ಕ ಹಾಕಿದವರಿಗೆ ಅದು ಸೋಲಾಗಿ ಕಂಡಿರಬಹುದು. ಶೋಧಕನ ಹಕ್ಕನ್ನು ದೊಡ್ಡ ಕಂಪನಿಯೊಂದು ಒಪ್ಪಿಕೊಳ್ಳುವಂತಾಯಿತಲ್ಲ, ಫರ್ಗುಸನ್ನನಿಗೆ ಅದು ದೊಡ್ಡದಾಗಿತ್ತು.

ಈ ನಡುವೆ ೧೯೪೬ರಿಂದ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಅವನ ಬೂದುಬಣ್ಣದ ಟ್ರ್ಯಾಕ್ಟರು ತಯಾರಾಗುತ್ತಿತ್ತು. ಹತ್ತು ವರ್ಷಗಳಲ್ಲಿ ಐದು ಲಕ್ಷಕ್ಕೂ ಹೆಚ್ಚು ಟ್ರ್ಯಾಕ್ಟರುಗಳು ಅಲ್ಲಿಂದ ಹೊರಬಂದವು. ಎಡ್ಮಂಡ್ ಹಿಲರಿ ೧೯೫೮ರ ಜನವರಿಯಲ್ಲಿ ದಕ್ಷಿಣ ಧ್ರುವವನ್ನು ಮುಟ್ಟಿದ್ದೂ ಈ ಟ್ರ್ಯಾಕ್ಟರುಗಳ ಮೇಲೆಯೇ. ೧೯೫೩ರಲ್ಲಿ ಫರ್ಗುಸನ್ ತನ್ನ ಉದ್ಯಮವನ್ನು ಕೆನಡಾ ದೇಶದ ಮ್ಯಾಸೆ ಹ್ಯಾರಿಸ್ ಕಂಪನಿಯೊಡನೆ ಸೇರಿಸಿದನು. ಬೆಲೆಯಲ್ಲಿ ಹತ್ತು ಲಕ್ಷ ಡಾಲರುಗಳ ವ್ಯತ್ಯಾಸ ಉಳಿದುಕೊಂಡಾಗ ನಾಣ್ಯವನ್ನು ಚಿಮ್ಮಿ ತೀರ್ಮಾನಿಸಿದರು. ಫರ್ಗುಸನ್ ಸೋತು ನಕ್ಕನು. ಪೈಸೆ ಪೈಸೆಗೆ ಲೆಕ್ಕವಿಡುತ್ತಿದ್ದ, ಎಳ್ಳಷ್ಟು ಅವ್ಯವಸ್ಥೆಯನ್ನೂ ಸಹಿಸದಿದ್ದ ಮನುಷ್ಯನು ಅಷ್ಟು ಹಣವನ್ನು ಹೀಗೆ ಬಿಟ್ಟುಕೊಟ್ಟದ್ದು ಸೋಜಿಗವೇ ಸರಿ.

ಇಷ್ಟರಲ್ಲಿ ಅವನ ವಯಸ್ಸು ಎಪ್ಪತ್ತನ್ನು ಸಮೀಪಿಸಿತ್ತು. ಹಣವಿತ್ತು, ಕೀರ್ತಿಯಿತ್ತು. ಆದರೆ ಅವನ ಮನಸ್ಸು ಹೊಲವನ್ನು ಬಿಟ್ಟು ರಸ್ತೆಯ ಕಡೆಗೆ ತಿರುಗಿತ್ತು. ೧೯೫೦ರಲ್ಲಿಯೇ ಅವನು ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿದ್ದನು. ಮೋಟಾರು ಪಂದ್ಯಗಳ ಹಳೆಯ ಹುಲಿ ಫ್ರೆಡ್ಡಿ ಡಿಕ್ಸನ್, ಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿದ್ದು ಬಂದ ಟೋನಿ ರೋಲ್ಟ್, ಆಸ್ಟನ್ ಮಾರ್ಟಿನ್ ಕಂಪನಿಯಲ್ಲಿದ್ದ ವಿನ್ಯಾಸಕಾರ ಕ್ಲಾಡ್ ಹಿಲ್ ಅವನ ಜೊತೆಗೂಡಿದರು. ನಾಲ್ಕೂ ಚಕ್ರಗಳಿಗೆ ಬಲವನ್ನು ಹಂಚುವ ಕಾರನ್ನು ರೂಪಿಸುವುದು ಅವರ ಗುರಿ. ಪಂದ್ಯ ಗೆಲ್ಲುವುದು ಫರ್ಗುಸನ್ನನ ಮುಖ್ಯ ಉದ್ದೇಶವಾಗಿರಲಿಲ್ಲ. ಮಳೆಯಲ್ಲಿಯೂ ಹಿಮದಲ್ಲಿಯೂ ಸಾಮಾನ್ಯ ಸಂಸಾರಗಳು ಜಾರಿ ಬೀಳದೆ ಮನೆ ಸೇರಬೇಕೆಂಬುದು ಅವನ ಆಸೆಯಾಗಿತ್ತು.

ಇದರ ಹಿಂದಿನ ತತ್ತ್ವವನ್ನು ಅರಿಯುವುದು ಕಷ್ಟವಲ್ಲ. ಒಂದೊಂದು ಟೈರು ನೆಲವನ್ನು ಹಿಡಿಯುವ ಶಕ್ತಿಗೆ ಒಂದು ಮಿತಿಯುಂಟು. ಕಾರನ್ನು ಮುಂದೂಡುವುದಕ್ಕೂ ತಿರುವಿನಲ್ಲಿ ಪಕ್ಕಕ್ಕೆ ಜಾರದಂತೆ ತಡೆಯುವುದಕ್ಕೂ ಇದೇ ಶಕ್ತಿ ಒದಗಬೇಕು. ಎಂಜಿನಿನ ಬಲವನ್ನೆಲ್ಲ ಎರಡೇ ಟೈರುಗಳ ಮೇಲೆ ಹೇರಿದರೆ ಅವುಗಳ ಶಕ್ತಿ ಬೇಗನೆ ಮುಗಿದುಹೋಗುತ್ತದೆ. ನಾಲ್ಕಕ್ಕೆ ಹಂಚಿದರೆ ಪ್ರತಿಯೊಂದರ ಪಾಲೂ ಕಿರಿದಾಗಿ, ತಿರುವಿಗೆ ಬೇಕಾದ ಹಿಡಿತ ಉಳಿಯುತ್ತದೆ.

ಹಂಚುವುದು ಮಾತ್ರ ಸುಲಭವಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗುತ್ತವೆ. ಎರಡನ್ನೂ ಬಿಗಿಯಾಗಿ ಕಟ್ಟಿದರೆ ಗಟ್ಟಿ ರಸ್ತೆಯಲ್ಲಿ ಒಂದು ಇನ್ನೊಂದನ್ನು ಜಗ್ಗಿ ಟೈರುಗಳೂ ಗೇರುಗಳೂ ಸವೆಯುತ್ತವೆ. ಯುದ್ಧಕಾಲದ ಜೀಪಿನಲ್ಲಿ ಒಳ್ಳೆಯ ರಸ್ತೆಗೆ ಬಂದೊಡನೆ ಮುಂದಿನ ಚಕ್ರಗಳ ಸಂಪರ್ಕವನ್ನು ತಪ್ಪಿಸುತ್ತಿದ್ದುದು ಇದಕ್ಕಾಗಿಯೇ. ನಡುವೆ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆಯನ್ನಿಟ್ಟರೆ ಮುಂದಿನವೂ ಹಿಂದಿನವೂ ತಮ್ಮ ತಮ್ಮ ವೇಗದಲ್ಲಿ ತಿರುಗಬಲ್ಲವು. ಆಗ ಇನ್ನೊಂದು ತೊಡಕು ಏಳುತ್ತದೆ: ಒಂದು ಚಕ್ರ ಜಾರಿತೆಂದರೆ ಅದು ಬರಿದೆ ಗಿರಕಿ ಹೊಡೆಯುತ್ತದೆ, ಉಳಿದ ಮೂರಕ್ಕೆ ಬಲವೇ ದೊರೆಯುವುದಿಲ್ಲ. ವೇಗದ ವ್ಯತ್ಯಾಸವು ತಿರುವಿಗೆ ಬೇಕಾದಷ್ಟನ್ನು ಮೀರಿದೊಡನೆ ತಾನಾಗಿಯೇ ಹಿಡಿದು ನಿಲ್ಲಿಸುವ ಕ್ಲಚ್ಚುಗಳನ್ನು ಫರ್ಗುಸನ್ನನ ತಂಡವು ಆ ಡಿಫರೆನ್ಷಿಯಲ್ಲಿಗೆ ಸೇರಿಸಿತು. ಚಾಲಕನು ಕೈಯೆತ್ತಬೇಕಾಗಿಲ್ಲ, ಯೋಚಿಸಬೇಕಾಗಿಯೂ ಇಲ್ಲ.

ಮಾದರಿ ಕಾರುಗಳು ಒಂದರ ಹಿಂದೊಂದು ಸಿದ್ಧವಾದವು. ಕಂಪನಿಗಳವರು ಬಂದು ನೋಡಿದರು, ಮೆಚ್ಚಿದರು, ಹೊರಟುಹೋದರು. ಗೇರುಗಳು ಹೆಚ್ಚಿದಂತೆ ಕಾರಿನ ತೂಕವೂ ಬೆಲೆಯೂ ಹೆಚ್ಚುತ್ತವೆಂಬುದು ಅವರ ಅಳುಕು. ಕಾರುಗಳು ಹೇಗೂ ಮಾರಾಟವಾಗುತ್ತಿದ್ದ ಕಾಲದಲ್ಲಿ ಕಾಣದ ಅಪಾಯಕ್ಕಾಗಿ ಹಣ ತೊಡಗಿಸುವವರು ಯಾರು? ಹತ್ತು ವರ್ಷಗಳ ಕಾಲ ಫರ್ಗುಸನ್ ತನ್ನ ಸಂಪತ್ತನ್ನು ಈ ಕೆಲಸಕ್ಕೆ ಸುರಿದನು. ನಿದ್ರೆ ಬಾರದ ರೋಗವೂ ಮನಸ್ಸಿನ ಕುಗ್ಗುವಿಕೆಯೂ ಅವನನ್ನು ಬಾಧಿಸುತ್ತಿದ್ದವು. ೧೯೬೦ರ ಅಕ್ಟೋಬರ್ ೨೫ರಂದು ಇಂಗ್ಲೆಂಡಿನ ಸ್ಟೋ ಆನ್ ದಿ ವೋಲ್ಡ್ ಎಂಬ ಊರಿನ ಬಳಿಯ ತನ್ನ ಮನೆಯಲ್ಲಿ ಅವನು ತೀರಿಕೊಂಡನು. ಆಗ ಅವನಿಗೆ ಎಪ್ಪತ್ತೈದು ವರ್ಷ. ಅವನ ಯಂತ್ರವ್ಯವಸ್ಥೆಯುಳ್ಳ ಒಂದು ಕಾರೂ ಆ ವೇಳೆಗೆ ಮಾರುಕಟ್ಟೆಗೆ ಬಂದಿರಲಿಲ್ಲ.

ಮರುವರ್ಷದ ಸೆಪ್ಟೆಂಬರ್ ೨೩ರಂದು ಔಲ್ಟನ್ ಪಾರ್ಕಿನಲ್ಲಿ ಪಂದ್ಯವೊಂದು ನಡೆಯಿತು. ಫರ್ಗುಸನ್ ಸಂಸ್ಥೆಯು ಕಟ್ಟಿದ ಪಿ ೯೯ ಎಂಬ ಪಂದ್ಯದ ಕಾರನ್ನು ಸ್ಟರ್ಲಿಂಗ್ ಮಾಸ್ ಓಡಿಸಿದನು. ಮಳೆಯಿಂದ ಪಥ ನೆನೆದಿತ್ತು. ಉಳಿದವರು ಜಾರುತ್ತಿದ್ದ ತಿರುವುಗಳಲ್ಲಿ ನಾಲ್ಕೂ ಚಕ್ರಗಳಿಂದ ನೆಲವನ್ನು ಹಿಡಿದ ಕಾರು ಮುಂದೆ ಸಾಗಿ ಗೆದ್ದಿತು. ೧೯೬೬ರಲ್ಲಿ ಜೆನ್ಸನ್ ಕಂಪನಿಯು ಇದೇ ವ್ಯವಸ್ಥೆಯನ್ನು ಅಳವಡಿಸಿದ ಎರಡು ಬಾಗಿಲಿನ ಕ್ರೀಡಾ ಕಾರನ್ನು ಲಂಡನ್ನಿನ ಪ್ರದರ್ಶನದಲ್ಲಿಟ್ಟಿತು. ಫರ್ಗುಸನ್ನನ ಸೂತ್ರವೆಂಬ ಅರ್ಥದಲ್ಲಿ ಅದಕ್ಕೆ ಎಫ್ ಎಫ್ ಎಂದು ಹೆಸರಿಟ್ಟರು. ಎಂಟು ಸಿಲಿಂಡರುಗಳ ೬.೩ ಲೀಟರಿನ ಎಂಜಿನು. ಬಲದಲ್ಲಿ ನೂರಕ್ಕೆ ೩೭ ಪಾಲು ಮುಂದಕ್ಕೆ, ೬೩ ಪಾಲು ಹಿಂದಕ್ಕೆ. ವಿಮಾನಗಳಿಂದ ಎರವಲು ತಂದ, ಚಕ್ರ ಬಿಗಿದುಕೊಳ್ಳದಂತೆ ಕಾಯುವ ಬ್ರೇಕು. ಎಲ್ಲವೂ ಇತ್ತು. ಆದರೆ ಬೆಲೆ ವಿಪರೀತ. ಚಾಲಕನ ಆಸನವನ್ನು ಎಡಕ್ಕೆ ಬದಲಿಸಲು ಬಾರದ ರಚನೆಯಾದ್ದರಿಂದ ಅಮೆರಿಕದ ಮಾರುಕಟ್ಟೆಯೂ ಕೈತಪ್ಪಿತು. ೧೯೭೧ರವರೆಗೆ ತಯಾರಾದದ್ದು ೩೨೦ ಕಾರುಗಳು ಮಾತ್ರ. ಸಾಮಾನ್ಯ ಸಂಸಾರಕ್ಕೆಂದು ಕಂಡ ಕನಸು ಸಿರಿವಂತರ ಮನೆಯ ಮುಂದೆ ನಿಂತಿತು.

ಈ ಕನಸನ್ನು ಹೊರಜಗತ್ತು ಮತ್ತೆ ನೆನೆಯುವಂತೆ ಮಾಡಿದ್ದು ಟರ್ಬೋ ಯಂತ್ರ. ಎಂಜಿನಿನಿಂದ ಹೊರಬೀಳುವ ಬಿಸಿ ಹೊಗೆಯಿಂದ ಚಿಕ್ಕ ಚಕ್ರವೊಂದನ್ನು ತಿರುಗಿಸಿ, ಅದರ ನೆರವಿನಿಂದ ಹೆಚ್ಚು ಗಾಳಿಯನ್ನು ಎಂಜಿನಿನೊಳಕ್ಕೆ ತುಂಬುವ ಉಪಾಯವಿದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ೧೯೦೫ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದನು. ಇದರಿಂದ ಚಿಕ್ಕ ಎಂಜಿನುಗಳೂ ದೊಡ್ಡ ಬಲವನ್ನು ಕೊಡತೊಡಗಿದಾಗ ಎರಡು ಚಕ್ರಗಳಿಗೆ ಆ ಬಲವನ್ನು ನೆಲಕ್ಕಿಳಿಸುವುದು ಅಸಾಧ್ಯವಾಯಿತು. ೧೯೮೦ರಲ್ಲಿ ಜರ್ಮನಿಯ ಔಡಿ ಕಂಪನಿಯು ೨೦೦ ಅಶ್ವಶಕ್ತಿಯ ಟರ್ಬೋ ಎಂಜಿನನ್ನೂ ನಾಲ್ಕು ಚಕ್ರಗಳ ಚಾಲನೆಯನ್ನೂ ಒಂದೇ ಕ್ರೀಡಾ ಕಾರಿನಲ್ಲಿ ಕೂಡಿಸಿತು. ಜೋಡಣೆಯ ಬಗೆ ಅದರದೇ ಆಗಿತ್ತು, ತತ್ತ್ವ ಹಳೆಯದು. ಮಣ್ಣು, ಜಲ್ಲಿ, ಹಿಮಗಳ ರ‍್ಯಾಲಿ ಪಂದ್ಯಗಳಲ್ಲಿ ಅದು ಎದುರಾಳಿಗಳನ್ನು ಹಿಂದಿಕ್ಕಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಎರಡು ಚಕ್ರಗಳ ಕಾರಿಗೆ ಬಲ ಹೆಚ್ಚಿಸಿದರೆ ಚಕ್ರ ಜಾರಿ, ಒಳಗಿನ ಯಂತ್ರ ಉಳಿದುಕೊಳ್ಳುತ್ತದೆ. ನಾಲ್ಕು ಚಕ್ರಗಳು ನೆಲವನ್ನು ಬಿಡದೆ ಹಿಡಿದಾಗ ಆ ಪೆಟ್ಟೆಲ್ಲ ಕ್ಲಚ್ಚು, ಗೇರಿನ ಹಲ್ಲು, ಅಚ್ಚುಗಳ ಮೇಲೆ ಬೀಳುತ್ತದೆ. ಆದುದರಿಂದ ಇಂಥ ಕಾರಿಗೆ ಟರ್ಬೋ ಜೋಡಿಸುವವರು ಎಂಜಿನಿನಿಂದ ಚಕ್ರದವರೆಗಿನ ದಾರಿಯನ್ನೆಲ್ಲ ಭದ್ರಪಡಿಸಬೇಕಾಗುತ್ತದೆ.

ಫರ್ಗುಸನ್ನನ ಸಂಗಡಿಗರು ಅವನ ತರುವಾಯವೂ ಕೆಲಸವನ್ನು ನಿಲ್ಲಿಸಲಿಲ್ಲ. ಕ್ಲಚ್ಚುಗಳ ಬದಲಿಗೆ, ಮಂದವಾದ ಸಿಲಿಕೋನ್ ಎಣ್ಣೆಯಲ್ಲಿ ತಿರುಗುವ ತೆಳು ತಗಡುಗಳ ಹಗುರವಾದ ಸಾಧನವನ್ನು ಅವರು ರೂಪಿಸಿದರು. ತಗಡುಗಳ ವೇಗ ಬೇರೆ ಬೇರೆಯಾದೊಡನೆ ಎಣ್ಣೆಯ ಸೆಳೆತವೇ ಅವುಗಳನ್ನು ಜೊತೆಗೂಡಿಸುತ್ತದೆ. ಬೆಲೆಯೂ ತೂಕವೂ ಇಳಿದವು. ಸಾಮಾನ್ಯ ಕಾರುಗಳ ಬಾಗಿಲು ತೆರೆಯಿತು. ೧೯೮೫ರಲ್ಲಿ ಈ ಸಾಧನವನ್ನು ತನ್ನ ಸಿಯೆರಾ ಕಾರಿಗೆ ಅಳವಡಿಸಿಕೊಂಡ ಕಂಪನಿ ಫೋರ್ಡ್.